ಟ್ಯಾರಂಟುಲಾ ಸ್ಟಾರ್ಟರ್ ಕಿಟ್: ಪೊರೆ ಬಿಟ್ಟಾಗ ಬಯಲಾದ ಬಣ್ಣ

59.99 ಪೌಂಡಿನ ಡಬ್ಬಿ. ಮೇಲೆ ಕೆಂಪು ಮೊಣಕಾಲಿನ ಮೆಕ್ಸಿಕನ್ ಟ್ಯಾರಂಟುಲಾ ಅನ್ನೋ ಕೂದಲು ತುಂಬಿದ ದೊಡ್ಡ ಜೇಡದ ಫೋಟೊ, ಅದರಡಿ ‘ನಿಮ್ಮ ಜೇಡಕ್ಕೆ ಬೇಕಾದ್ದೆಲ್ಲ ಒಳಗಿದೆ’ ಅನ್ನೋ ಅರ್ಥದ ಸಾಲು. ಒಳಗೆ ಮೂವತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಗಾಜಿನ ಪೆಟ್ಟಿಗೆ, ಅದಕ್ಕೆ ತಂತಿ ಜಾಲರಿಯ ಮುಚ್ಚಳ, ತಳಕ್ಕೆ ಅಂಟಿಸೋ ಹೀಟ್ ಮ್ಯಾಟ್, ಗಾಳಿಯ ತೇವ ಅಳೆಯೋ ಮುಳ್ಳಿನ ಹೈಗ್ರೋಮೀಟರ್, ಸ್ಪಂಜು ಕೂರಿಸಿದ ನೀರಿನ ಬಟ್ಟಲು, ಒಂದು ಚೀಲ ಮರದ ತೊಗಟೆ ಚೂರು, ಅಡಗಿ ಕೂರೋಕೆ ಅರ್ಧ ಸೀಳಿದ ಕಾರ್ಕ್ ತುಂಡು, ಸ್ಟೀಲ್ ಚಿಮಟ, ಕ್ಯಾಲ್ಸಿಯಂ ಪುಡಿ, ಪೊರೆ ಸಲೀಸಾಗಿ ಬಿಡಿಸುತ್ತೆ ಅನ್ನೋ ಒಂದು ಸ್ಪ್ರೇ, ಒಂದು ಜೊತೆ ಕೈಗವಸು, ಜೊತೆಗೊಂದು ಕಿರುಪುಸ್ತಕ. ತಯಾರಕರ ಹೆಸರು ಬರೀತಿಲ್ಲ. ಇದೇ ಸಾಮಾನನ್ನ ಬೇರೆ ಬೇರೆ ಲೇಬಲ್ ಹಚ್ಚಿ ಮಾರ್ತಾರೆ, ಯಾವುದನ್ನ ಕೊಂಡರೂ ನಾನು ಹೇಳೋ ಮಾತಲ್ಲಿ ಹೆಚ್ಚು ಫರಕಾಗಲ್ಲ.

ನಾನು ಧಾರವಾಡದವಳು. ಲೀಡ್ಸ್‌ನಲ್ಲಿ ಆಸ್ಪತ್ರೆಯ ಲ್ಯಾಬಲ್ಲಿ ಕೆಲಸ. ನಮ್ಮ ಮನೆಯ ಪುಸ್ತಕದ ಕಪಾಟಿನ ಕೆಳಗಿನ ಅಂಕಣದಲ್ಲಿ ಟ್ಯಾರಂಟುಲಾಗಳಿವೆ. ಬಾಡಿಗೆ ಮನೆ, ನಾಯಿ ಬೆಕ್ಕು ಕೂಡದು ಅಂತ ಮನೆ ಮಾಲೀಕ ಕರಾರಿನಲ್ಲಿ ಬರೆಸಿಕೊಂಡಿದ್ದಾನೆ, ಜೇಡದ ಬಗ್ಗೆ ಬರೆಸೋದು ಅವನಿಗೆ ಹೊಳೆದಿಲ್ಲ. ವಿಡಿಯೋ ಕಾಲಲ್ಲಿ ಅವ್ವ ಕೇಳ್ತಾಳೆ, “ನಾವಿಲ್ಲಿ ಕಸಬರಿಗಿ ತಗೊಂಡು ಜಾಡ ಹೊಡೀತೀವಿ, ನೀ ಅಲ್ಲಿ ರೊಕ್ಕಾ ಕೊಟ್ಟು ತಂದು ಸಾಕ್ತಿ. ಕಲ್ತು ಕಲ್ತು ಹಿಂಗಾದೇನವಾ?”

ಈ ಕಿಟ್ ನಮ್ಮ ಮನೆಯದಲ್ಲ. ಇಲ್ಲೇ ಲೀಡ್ಸ್‌ನಲ್ಲಿರೋ ಹುಬ್ಬಳ್ಳಿ ಕಡೆಯ ಗೆಳತಿಯೊಬ್ಬಳು ಮಗಳ ಹುಟ್ಟುಹಬ್ಬಕ್ಕೆ ಕೊಂಡಿದ್ದು. ಅಂಗಡಿಯವರು ಕಿಟ್ ಜೊತೆ ಒಂದು ಬ್ರ್ಯಾಕಿಪೆಲ್ಮಾ ಹಮೋರಿಯನ್ನೂ ಮಾರಿದರು, ಡಬ್ಬಿ ಮೇಲಿನ ಫೋಟೊದಲ್ಲಿರೋದೂ ಅದೇ. ಮೆಕ್ಸಿಕೋದ ಪಶ್ಚಿಮ ಕರಾವಳಿಯ ಜೀವಿ. ಹಳೇ ಪುಸ್ತಕಗಳಲ್ಲಿ ಇದನ್ನ ಸ್ಮಿಥಿ ಅಂತಿದ್ದರು, 2017ರಲ್ಲಿ ಎರಡೂ ಬೇರೆ ಬೇರೆ ಅಂತ ಬಿಡಿಸಿ ಹೇಳಿದ ಮೇಲೆ ಸಾಕುವವರ ಮನೆಯ ಬಹುಪಾಲು ‘ಸ್ಮಿಥಿ’ಗಳು ಹಮೋರಿ ಆದವು. ಹುಡುಗಿ ಅದಕ್ಕೆ ದುರ್ಗವ್ವ ಅಂತ ಹೆಸರಿಟ್ಟಳು. ಹೆಣ್ಣೋ ಗಂಡೋ ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ಕಿಟ್ ಬಗ್ಗೆ ತಕರಾರೇ ಇರಲಿಲ್ಲ. ಟೇಬಲ್ ಮೇಲಿಟ್ಟರೆ ಚೆಂದ ಕಾಣುತ್ತೆ, ಬಂದವರೆಲ್ಲ ಬಗ್ಗಿ ನೋಡ್ತಾರೆ. ಗಟ್ಟಿಮುಟ್ಟಾದ ಟ್ಯಾರಂಟುಲಾ ಎಂಥ ಪೆಟ್ಟಿಗೆಯಲ್ಲೂ ಕೂತಿರುತ್ತೆ. ಪೊರೆ ಬಿಡುವಾಗ ಮತ್ತು ಬಿಟ್ಟ ಮೇಲಿನ ಒಂದೆರಡು ವಾರದಲ್ಲಿ ಮಾತ್ರ ಸುತ್ತಲಿರೋ ಪ್ರತಿಯೊಂದು ಸಾಮಾನೂ ಲೆಕ್ಕಕ್ಕೆ ಬರುತ್ತೆ. ಮೈಯ ಚಿಪ್ಪು ಹಸಿ, ಹಲ್ಲು ಮೆತ್ತಗೆ, ಒಳಗಿನ ನೀರಿನಂಶ ಸಾಕಷ್ಟು ಖರ್ಚಾಗಿರುತ್ತೆ. ಅದಕ್ಕೇ ಈ ರಿವ್ಯೂ ಪೂರ್ತಿ ಆ ಒಂದೆರಡು ವಾರದ ಲೆಕ್ಕದಲ್ಲೇ ಇದೆ.

ಗೆಳತಿಯ ಫೋನ್ ಬಂದಾಗ ರಾತ್ರಿ ಊಟದ ಹೊತ್ತು. “ಅಕ್ಕಾ, ದುರ್ಗವ್ವ ಅಂಗಾತ ಬಿದ್ದಾಳ. ಸತ್ತಾಳೇನೋ ಅನ್ಸಾಕತ್ತೈತಿ. ಹುಡುಗಿ ಅಳೋದು ಬಿಡವಲ್ಲಳು.”

“ಮುಟ್ಟಬ್ಯಾಡ, ಹೊಳ್ಳಿಸಬ್ಯಾಡ. ಲೈಟ್ ಆರಿಸಿ ಹೊರಗ ಬರ್ರಿ. ಪೊರಿ ಬಿಡಾಕತ್ತಾಳ ಅಷ್ಟ.”

ಟ್ಯಾರಂಟುಲಾ ಬೆನ್ನ ಮೇಲೆ ಮಲಗಿದ್ದರೆ ಬಹುತೇಕ ಅದು ಪೊರೆ ಬಿಡೋ ಭಂಗಿ. ಸಾಯೋವಾಗ ಅದು ನೆಟ್ಟಗೇ ಇದ್ದು, ಎಂಟೂ ಕಾಲನ್ನ ಹೊಟ್ಟೆಯಡಿ ಮುದುಡಿಕೊಳ್ಳುತ್ತೆ. ಹೊಸಬರು ಗಾಬರಿಯಾಗಿ ಮಗುಚಿ ಹಾಕಿ, ಕಾಲು ಅರ್ಧ ಹೊರಗೆ ಅರ್ಧ ಒಳಗೆ ಇರುವಾಗಲೇ ಕೊಂದುಬಿಡ್ತಾರೆ. ಇದನ್ನ ಹೇಳಬೇಕಾಗಿದ್ದು ಕಿಟ್ಟಿನ ಕಿರುಪುಸ್ತಕ. ಆದರೆ ಅದರಲ್ಲಿ ಪೊರೆ ಬಗ್ಗೆ ಇರೋದು ಎರಡೇ ಸಾಲು, ಎರಡನೆಯದು ಸ್ಪ್ರೇಯ ಜಾಹೀರಾತು. ಉಪವಾಸ ಹಿಡಿಯೋದು, ಹೊಟ್ಟೆಯ ಮೇಲಿನ ಬೋಳು ಜಾಗ ಕಪ್ಪಾಗೋದು, ಮಂಕಾಗಿ ಕೂರೋದು, ಇಂಥ ಮುನ್ಸೂಚನೆ ಒಂದೂ ಇಲ್ಲ. ಬದಲಿಗೆ ವಾರಕ್ಕೆ ಮೂರು ಸಲ ಚಿಮ್ಮಂಡೆ ಹಾಕಿ ಅಂತ ದಪ್ಪಕ್ಷರದಲ್ಲಿದೆ. ವಾರಕ್ಕೊಂದು ಸಲ ಹಾಕಿದರೂ ಸಾಕು. ಅದಕ್ಕಿಂತ ಮುಖ್ಯವಾಗಿ, ಪೊರೆ ಬಿಡೋ ಜೇಡದ ಪಕ್ಕದಲ್ಲಿ ಜೀವಂತ ಚಿಮ್ಮಂಡೆ ಉಳಿದಿದ್ದರೆ ಬೇಟೆ ಯಾರು, ಬೇಟೆಗಾರ ಯಾರು ಅನ್ನೋದು ಅದಲುಬದಲಾಗುತ್ತೆ. ಚಿಮ್ಮಂಡೆ ಹಸಿ ಮೈಯನ್ನ ಕಡಿದು ತಿನ್ನುತ್ತೆ. ಪುಣ್ಯಕ್ಕೆ ಆ ದಿನ ಪೆಟ್ಟಿಗೆಯಲ್ಲಿ ಒಂದೂ ಇರಲಿಲ್ಲ.

ಮರುದಿನ ಹೋಗಿ ನೋಡಿದೆ. ಹಳೇ ಪೊರೆ ಒಂದು ಪಕ್ಕಕ್ಕೆ ಬಿದ್ದಿತ್ತು, ಇನ್ನೊಂದು ಪಕ್ಕದಲ್ಲಿ ದುರ್ಗವ್ವ. ಮೊಣಕಾಲಿನ ಕಿತ್ತಳೆ ಬಣ್ಣ ಆಗ ತಾನೇ ಬಳಿದ ಹಾಗೆ ಹೊಳೀತಿತ್ತು, ಆದರೆ ಎಡಗಡೆ ಹಿಂದಿನ ಕಾಲಿನ ತುದಿಗೆ ಹಳೇ ಪೊರೆ ಕಾಲುಚೀಲದ ಹಾಗೆ ಸಿಕ್ಕಿಕೊಂಡಿತ್ತು. ಪೊರೆ ಬಿಟ್ಟ ಮೇಲೆ ಹೊಟ್ಟೆ ಸಣ್ಣಗಾಗೋದು ಸಹಜ. ಸುಕ್ಕುಗಟ್ಟೋದು ಸಹಜ ಅಲ್ಲ. ಇದರದು ಸುಕ್ಕುಗಟ್ಟಿತ್ತು, ಕಾಲುಗಳೂ ಸ್ವಲ್ಪ ಒಳಕ್ಕೆ ಮಡಚಿದ್ದವು.

ಈಗ ಹೀಟ್ ಮ್ಯಾಟ್ ವಿಚಾರಕ್ಕೆ ಬರ್ತೀನಿ, ನನ್ನ ದೊಡ್ಡ ತಕರಾರು ಅದರ ಮೇಲೇ ಇದೆ. ಅದಕ್ಕೆ ಥರ್ಮೋಸ್ಟಾಟ್ ಇಲ್ಲ. ಪ್ಲಗ್ ಹಾಕಿದರೆ ಹಗಲೂ ರಾತ್ರಿ ಉರೀತಾನೇ ಇರುತ್ತೆ. ಅಡುಗೆಮನೆಯ ಥರ್ಮಾಮೀಟರ್ ತಂದು ತಳದ ಗಾಜಿಗೆ ಒತ್ತಿ ಹಿಡಿದರೆ 38 ಡಿಗ್ರಿ ತೋರಿಸ್ತು. ಕಾಡಿನಲ್ಲಿ ಟ್ಯಾರಂಟುಲಾ ಬಿಸಿಲು ಹೆಚ್ಚಾದರೆ ಏನು ಮಾಡುತ್ತೆ? ಬಿಲದ ಆಳಕ್ಕೆ ಇಳಿಯುತ್ತೆ, ಕೆಳಗೆ ತಂಪಿರುತ್ತೆ ಅಂತ. ಈ ಪೆಟ್ಟಿಗೆಯಲ್ಲಿ ಕೆಳಗಿಳಿದಷ್ಟೂ ಸೆಕೆ. ಮೇಲಿನ ತೊಗಟೆ ಚೂರು ಒಂದು ಹನಿ ತೇವವನ್ನೂ ಹಿಡಿದಿಟ್ಟುಕೊಳ್ಳಲ್ಲ. ಹಿಂಗಾಗಿ ಇಡೀ ಪೆಟ್ಟಿಗೆ ಹಪ್ಪಳ ಒಣಗಿಸೋ ಮಾಳಿಗೆಯಾಗಿತ್ತು.

ಮೈ ಒಣಗಿದರೆ ಜೇಡಕ್ಕೆ ಬರೀ ಬಾಯಾರಿಕೆಯ ಕಷ್ಟ ಅಂದ್ಕೊಬೇಡಿ. ನಮಗೆ ಮೊಣಕಾಲು ಮಡಚೋಕೂ ಚಾಚೋಕೂ ಸ್ನಾಯು ಇದೆ. ಜೇಡದ ಕಾಲಿನ ದೊಡ್ಡ ಕೀಲುಗಳಲ್ಲಿ ಮಡಚೋ ಸ್ನಾಯು ಮಾತ್ರ ಇರೋದು. ಚಾಚೋ ಕೆಲಸ ಹೀಮೋಲಿಂಫ್, ಅಂದರೆ ಅದರ ರಕ್ತ, ಒತ್ತಡದಿಂದ ಮಾಡುತ್ತೆ. ಜೆಸಿಬಿಯ ತೋಳು ಏಳೋದು ಎಣ್ಣೆಯ ಒತ್ತಡದಿಂದ ಅಂತಾರಲ್ಲ, ಆ ತತ್ವ. ದ್ರವ ಕಮ್ಮಿಯಾದರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಕಾಲು ತಾನಾಗೇ ಮುದುಡುತ್ತೆ. ಹಳೇ ಪೊರೆಯನ್ನ ಒಡೆದು ಕಾಲು ಹೊರಗೆಳೆಯೋಕೂ ಇದೇ ಒತ್ತಡ ಬೇಕು. ಕಾಲು ಸಿಕ್ಕಿಕೊಂಡಿದ್ದೂ ಹೊಟ್ಟೆ ಸುಕ್ಕಾಗಿದ್ದೂ ಕಾಲು ಮಡಚಿದ್ದೂ ಮೂರು ಬೇರೆ ಬೇರೆ ಕಾಯಿಲೆ ಅಂತ ನನಗೆ ಅನ್ನಿಸಲಿಲ್ಲ. ಮೂರಕ್ಕೂ ಬೇರು ಆ ಮ್ಯಾಟೇ.

ಪ್ಲಗ್ ಕಿತ್ತೆ. ಬಟ್ಟಲಿನ ಸ್ಪಂಜು ಕಿತ್ತೆ. ಜೇಡ ನೀರಲ್ಲಿ ಮುಳುಗಿ ಸಾಯುತ್ತೆ ಅನ್ನೋ ಹೆದರಿಕೆಗೆ ಆ ಸ್ಪಂಜು ಇಡ್ತಾರೆ. ಬಟ್ಟಲಿನಷ್ಟು ನೀರಲ್ಲಿ ಟ್ಯಾರಂಟುಲಾ ಮುಳುಗಲ್ಲ, ತೇಲುತ್ತೆ. ಸ್ಪಂಜಲ್ಲಿ ಬೆಳೆಯೋದು ಬ್ಯಾಕ್ಟೀರಿಯಾ. ಲ್ಯಾಬಲ್ಲಿ ಕೆಲಸ ಮಾಡೋಳು ನಾನು, ಆ ಸ್ಪಂಜಿನ ವಾಸನೆಗೇ ಗೊತ್ತಾಯ್ತು, ಪ್ಲೇಟ್ ಮೇಲೆ ಬೆಳೆಸಿ ನೋಡೋ ಅಗತ್ಯ ಬೀಳಲಿಲ್ಲ. ಅಗಲವಾದ ಬಾಟಲಿ ಮುಚ್ಚಳದಲ್ಲಿ ನೀರು ತುಂಬಿ, ದುರ್ಗವ್ವನ ಬಾಯಿಗೆ ಹತ್ತಿರ ಇಟ್ಟು ಬಂದೆ. ಸಂಜೆ ಹುಡುಗಿ ಫೋಟೊ ಕಳಿಸಿದಳು: ದುರ್ಗವ್ವ ಮುಖ ನೀರಿಗಿಟ್ಟು ಬಗ್ಗಿ ಕೂತಿದ್ದಳು.

ಕಾಲಿನ ವಿಷಯದಲ್ಲಿ ನಾನು ಕೈ ಹಾಕಲಿಲ್ಲ. ಹಸಿ ಕಾಲನ್ನ ಎಳೆದರೆ ಕಾಲೇ ಕಿತ್ತು ಬರಬಹುದು. ಕಿಟ್ಟಿನ ಸ್ಪ್ರೇ ಹೊಡೀತೀವಿ ಅಂದರು, ಬೇಡ ಅಂದೆ. ಅದರ ಮೇಲೆ ಬರೆದಿರೋ ಸಾಮಗ್ರಿಯಲ್ಲಿ ನೊರೆ ಬರಿಸೋ ಸೋಪಿನ ಜಾತಿಯದೊಂದು ಇದೆ. ಹಾವು, ಹಲ್ಲಿಯ ಚರ್ಮಕ್ಕೆ ಅಂತ ಮಾಡಿದ್ದನ್ನೇ ಜೇಡದ ಡಬ್ಬಿಗೂ ತುಂಬಿದ್ದಾರೆ ಅಂತ ನನ್ನ ಊಹೆ. ಟ್ಯಾರಂಟುಲಾ ಉಸಿರಾಡೋದು ಹೊಟ್ಟೆಯ ಕೆಳಗಿರೋ ನಾಲ್ಕು ಪುಸ್ತಕ ಶ್ವಾಸಕೋಶಗಳಿಂದ, ಹಾಳೆ ಹಾಳೆಯಾಗಿ ಜೋಡಿಸಿದ ಅಂಗ. ಬರೀ ನೀರು ಆ ಸಂದಿಗೆ ಸುಲಭಕ್ಕೆ ನುಗ್ಗಲ್ಲ. ಸೋಪು ಬೆರೆತ ನೀರು ನುಗ್ಗುತ್ತೆ.

ಎಕ್ಸಾಟಿಕ್ ಪ್ರಾಣಿಗಳನ್ನ ನೋಡೋ ವೆಟ್ ಹತ್ತಿರ ಕರಕೊಂಡು ಹೋದೆವು. ಮಾಮೂಲಿ ವೆಟ್‌ಗಳು ಫೋನಲ್ಲೇ “ಸ್ಪೈಡರ್?” ಅಂತ ಒಂದು ಕ್ಷಣ ಸುಮ್ಮನಾಗಿ ಬೇರೆ ಕಡೆ ಕೇಳಿ ಅಂದುಬಿಡ್ತಾರೆ. ಎಪ್ಪತ್ತು ಪೌಂಡ್ ಚಿಲ್ಲರೆ ಆಯ್ತು, ಕಿಟ್‌ಗಿಂತ ದುಬಾರಿ. ಗೆಳತಿಯ ಗಂಡ ಬಿಲ್ ನೋಡಿ ನಕ್ಕರು. ಆದರೆ ಈ ಇಡೀ ವ್ಯವಹಾರದಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಮಾಲು ಸಿಕ್ಕಿದ್ದು ಅಲ್ಲೇ. ಡಾಕ್ಟರು ಕಣ್ಣಿಗೆ ಭೂತಗನ್ನಡಿ ಏರಿಸಿ ಮೊದಲು ಹಳೇ ಪೊರೆ ಕೇಳಿದರು. ಪೊರೆಯನ್ನ ಎಸೀಬೇಡಿ ಅಂತ ನಾನು ಹೇಳಿಟ್ಟಿದ್ದೆ, ಐಸ್‌ಕ್ರೀಂ ಡಬ್ಬಿಯಲ್ಲಿ ತಂದಿದ್ದರು. ಹಲ್ಲಿನ ಪೊರೆ ಎರಡೂ ಪೂರ್ತಿ ಬಂದಿದೆಯಾ, ಒಳಗಿನ ಹೀರುವ ಜಠರದ ಅಸ್ತರಿ ಬಂದಿದೆಯಾ, ಶ್ವಾಸಕೋಶದ ನಾಲ್ಕು ಬಿಳಿ ಪದರ ಇವೆಯಾ ಅಂತ ಒಂದೊಂದಾಗಿ ಹುಡುಗಿಗೆ ತೋರಿಸ್ತಾ ನೋಡಿದರು. ಜಠರದ ಅಸ್ತರಿ ಒಳಗೇ ಉಳಿದರೆ ಜೇಡ ಮೇಲ್ನೋಟಕ್ಕೆ ಆರೋಗ್ಯವಾಗೇ ಕಾಣುತ್ತೆ, ಆದರೆ ತಿನ್ನೋಕಾಗಲ್ಲ. ಅದೇ ಪೊರೆಯನ್ನ ನೆನೆಸಿ ಬಿಡಿಸಿ, ಮುಂದಿನ ಎರಡು ಶ್ವಾಸಕೋಶಗಳ ನಡುವೆ ವೀರ್ಯಕೋಶದ, ಅಂದರೆ ಹೆಣ್ಣು ಜೇಡ ಗಂಡಿನ ವೀರ್ಯ ಕೂಡಿಟ್ಟುಕೊಳ್ಳೋ ಚೀಲದ, ಪುಟ್ಟ ಮಡಿಕೆ ತೋರಿಸಿದರು. ದುರ್ಗವ್ವ ನಿಜಕ್ಕೂ ದುರ್ಗವ್ವನೇ.

ಕಾಲಿಗೆ ಸಣ್ಣ ಕುಂಚದಿಂದ ಗ್ಲಿಸರಿನ್ ಹಚ್ಚಿ ಕಾದರು. ಕಾಲುಚೀಲ ಅರ್ಧ ಬಿಟ್ಟುಕೊಂಡಿತು, ಇನ್ನರ್ಧಕ್ಕೆ ಕೈ ಹಾಕಲಿಲ್ಲ. ಅರಿವಳಿಕೆ ಕೊಟ್ಟು ತೆಗೀಬಹುದು, ಈಗ ಅಗತ್ಯ ಇಲ್ಲ ಅಂದರು. ಕಾಲು ಕೆಟ್ಟರೆ ಜೇಡ ತಾನೇ ಬುಡದ ಕೀಲಿನಲ್ಲಿ ಕಳಚಿ ಹಾಕುತ್ತೆ, ಮುಂದಿನ ಪೊರೆಯಲ್ಲಿ ಸಣ್ಣದೊಂದು ಹೊಸ ಕಾಲು ಬರುತ್ತೆ. ಮೈ ತೀರಾ ಒಣಗಿದ್ದರೆ ಹೊಟ್ಟೆಯ ಮೇಲ್ಭಾಗದಲ್ಲಿ, ಹೃದಯ ಇರೋ ಕಡೆ, ಸೂಜಿಯಿಂದ ಸಲೈನ್ ಕೊಡ್ತೀವಿ, ಇದು ನೀರು ಕುಡೀತಿದೆ, ಬೇಡ ಅಂದರು. ಬಾಯಿಯ ಸುತ್ತ ಬಿಳೀ ಲೋಳೆ ಕಂಡರೆ ಮಾತ್ರ ತಡ ಮಾಡದೆ ಬನ್ನಿ, ಅದು ಸೂಕ್ಷ್ಮ ಹುಳುವಿನ ಸೋಂಕಿರಬಹುದು, ಪಕ್ಕದ ಜೇಡಗಳಿಗೂ ಹರಡುತ್ತೆ. ಎಲ್ಲಾದರೂ ಸೀಳಿ ಹೀಮೋಲಿಂಫ್ ಜಿನುಗಿದರೆ ಕಾರ್ನ್‌ಫ್ಲೋರ್ ಒತ್ತಿ ಕರಕೊಂಡು ಬನ್ನಿ. ಔಷಧ ಒಂದೂ ಬರೀಲಿಲ್ಲ. ವೆಟ್‌ಗೆ ಐದಕ್ಕೆ ಐದು.

ಉಳಿದ ಸಾಮಾನಿನ ಮಾತು ಬೇಗ ಮುಗಿಸ್ತೀನಿ. ಕ್ಯಾಲ್ಸಿಯಂ ಪುಡಿ ದಂಡ. ಏಡಿಯ ಚಿಪ್ಪಿನ ಹಾಗೆ ಜೇಡದ ಚಿಪ್ಪು ಸುಣ್ಣದಿಂದ ಗಟ್ಟಿಯಾಗಲ್ಲ, ಕೈಟಿನ್ ಮತ್ತು ಪ್ರೋಟೀನ್ ಹೆಣೆದುಕೊಂಡು ಗಟ್ಟಿಯಾಗುತ್ತೆ. ಮುಳ್ಳಿನ ಹೈಗ್ರೋಮೀಟರ್ ಗೋಡೆಗೆ ಚೆಂದ. ಸ್ಟೀಲ್ ಚಿಮಟ ಅಪಾಯ: ಪೊರೆ ಬಿಟ್ಟ ಹೊಸದರಲ್ಲಿ ಹಲ್ಲು ಬೆಳ್ಳಗಿರುತ್ತೆ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗೋ ಮುಂಚೆ ಆಹಾರ ಅಂದ್ಕೊಂಡು ಸ್ಟೀಲ್ ಕಚ್ಚಿದರೆ ಹಲ್ಲು ಮುರಿಯುತ್ತೆ. ದೊಡ್ಡ ಜೇಡಕ್ಕೆ ಸುಮಾರು ಎರಡು ವಾರ ಊಟ ಹಾಕದೇ ಇರೋದು ಕ್ಷೇಮ. ಕಾರ್ಕ್ ತುಂಡು ನಿಜಕ್ಕೂ ಒಳ್ಳೇದು, ಅದನ್ನ ಉಳಿಸಿಕೊಳ್ಳಿ.

ಜಾಲರಿ ಮುಚ್ಚಳದ ಬಗ್ಗೆ ಮಾತ್ರ ಒಂದೆರಡು ಮಾತು ಜಾಸ್ತಿ ಬೇಕು. ಟ್ಯಾರಂಟುಲಾದ ಪಾದದ ತುದಿಯಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಗಾಜು ಹತ್ತಿ ಜಾಲರಿಗೆ ತಲೆಕೆಳಗಾಗಿ ನೇತುಬಿದ್ದರೆ ಕೊಕ್ಕೆ ತಂತಿಯಲ್ಲಿ ಸಿಕ್ಕಿಕೊಳ್ಳುತ್ತೆ. ಜಗ್ಗಾಡಿ ಬಿದ್ದರೆ? ಕಿಟ್ಟಿನ ಒಂದು ಚೀಲ ತೊಗಟೆ ಹಾಕಿದರೆ ತೊಗಟೆಯ ಮೇಲಿಂದ ಮುಚ್ಚಳಕ್ಕೆ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಖಾಲಿ ಉಳಿಯುತ್ತೆ. ನೆಲದಲ್ಲಿ ವಾಸಿಸೋ ಜೇಡಕ್ಕೆ ಆ ಅಂತರ ಅದರ ಕಾಲು ಚಾಚಿದಾಗಿನ ಅಗಲದ ಒಂದೂವರೆ ಪಟ್ಟು ದಾಟಬಾರದು ಅನ್ನೋದು ಸಾಕುವವರ ಲೆಕ್ಕ. ಹೊಟ್ಟೆಯ ಚರ್ಮ ತೆಳು, ಪೊರೆ ಬಿಟ್ಟ ಹೊಸದರಲ್ಲಂತೂ ಇನ್ನೂ ತೆಳು. ಅಷ್ಟೆತ್ತರದಿಂದ ಚೂಪು ತೊಗಟೆ ಮೇಲೆ ಬಿದ್ದರೆ ಒಡೆಯುತ್ತೆ. ನಾವು ತೊಗಟೆ ಎಲ್ಲಾ ಸುರಿದು, ಗೊಬ್ಬರ ಬೆರೆಸದ ತೋಟದ ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಕಲಸಿ ಪೆಟ್ಟಿಗೆಯ ಅರ್ಧಕ್ಕಿಂತ ಮೇಲೆ ತುಂಬಿದೆವು. ಜಾಲರಿ ಬದಲು ತೂತು ಕೊರೆದ ಅಕ್ರಿಲಿಕ್ ಹಾಳೆ ಕೂರಿಸಿದೆವು. ಮೂಲೆಯೊಂದಕ್ಕೆ ಆಗಾಗ ನೀರು ಚೆಲ್ಲಿದರೆ ತೇವದ ಲೆಕ್ಕ ಮುಗೀತು. ಮನೆಯೊಳಗಿನ ಇಪ್ಪತ್ತೊಂದು, ಇಪ್ಪತ್ತೆರಡು ಡಿಗ್ರಿ ಈ ಜಾತಿಗೆ ಸಾಕು. ನಮಗೆ ಸ್ವೆಟರ್ ಬೇಕಾಗೋ ಚಳಿಯಲ್ಲಿ ಮಾತ್ರ ಅದಕ್ಕೂ ಕಷ್ಟ.

ಕೈಗವಸು ಕೊಟ್ಟಿದ್ದಾರೆ, ಕನ್ನಡಕ ಕೊಟ್ಟಿಲ್ಲ. ಇದು ತಿರುಗುಮುರುಗು. ಅಮೆರಿಕ ಖಂಡದ ಈ ಜೇಡಗಳು ಕಚ್ಚೋದಕ್ಕಿಂತ ಹೆಚ್ಚಾಗಿ ಹಿಂಗಾಲಿಂದ ಹೊಟ್ಟೆಯ ಕೂದಲನ್ನ ಕೆರೆದು ಗಾಳಿಗೆ ತೂರುತ್ತವೆ. ಪೊರೆ ಬಿಟ್ಟ ಮೇಲೆ ಆ ಕೂದಲೆಲ್ಲ ಹೊಸದು, ದಟ್ಟ. ನಮ್ಮದೇ ಲೀಡ್ಸ್‌ನ ಸೇಂಟ್ ಜೇಮ್ಸ್ ಆಸ್ಪತ್ರೆಯ ಕಣ್ಣಿನ ಡಾಕ್ಟರುಗಳು ಇಂಥದೊಂದು ಪ್ರಕರಣವನ್ನ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು: ಪೆಟ್ಟಿಗೆ ಸ್ವಚ್ಛ ಮಾಡುವಾಗ ಸಾಕಿದ ಟ್ಯಾರಂಟುಲಾ ಮುಖಕ್ಕೆ ಕೂದಲು ತೂರಿ, ಅವು ಕಾರ್ನಿಯಾದೊಳಗೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದೊಳಗೆ, ಚುಚ್ಚಿ ಕೂತಿದ್ದವು. ಹಳೇ ಪೊರೆಯ ಮೇಲೂ ಕೂದಲಿರುತ್ತೆ, ಅದನ್ನ ಎತ್ತುವಾಗಲೂ ಹುಷಾರು.

ಇಂಥ ಕಿಟ್ ಯಾರ ಅಪ್ಪಣೆಯೂ ಇಲ್ಲದೆ ಅಂಗಡಿಗೆ ಹೇಗೆ ಬಂತು ಅಂತ ಗೆಳತಿಗೆ ಸಿಟ್ಟು. ಇಂಗ್ಲೆಂಡಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಬೆನ್ನುಮೂಳೆ ಇರೋ ಪ್ರಾಣಿಗಳ ಬಗ್ಗೆ ಮಾತ್ರ ಹೇಳುತ್ತೆ. ಹಲ್ಲಿ ಅದರೊಳಗೆ ಬರುತ್ತೆ, ಜೇಡ ಬರಲ್ಲ. ಅಂಗಡಿಯವರಿಗೆ ಮ್ಯಾಟ್ ಬಗ್ಗೆ ಹೇಳಿದಾಗ, ಬೇಕಿದ್ದರೆ ಥರ್ಮೋಸ್ಟಾಟ್ ಬೇರೆ ಕೊಳ್ಳಿ ಅಂದರಂತೆ. ‘ಬೇಕಾದ್ದೆಲ್ಲ ಒಳಗಿದೆ’ ಅನ್ನೋ ಡಬ್ಬಿಗೆ!

ಊರಿಂದ “ಅಲ್ಲಿಂದ ಒಂದು ತಂದುಕೊಡ್ತೀಯಾ” ಅಂತ ಕೇಳೋ ತಮ್ಮಂದಿರಿಗೆ ಇಲ್ಲೇ ಉತ್ತರ: ಇಲ್ಲ. ಬ್ರ್ಯಾಕಿಪೆಲ್ಮಾ ಸೈಟಿಸ್ ಅನ್ನೋ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಗಡಿ ದಾಟಿಸೋಕೆ ಕಾಗದ ಪತ್ರ ಬೇಕು. ಭಾರತದಲ್ಲಿ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿ ಸಾಕುವವರು ನೋಂದಣಿ ಮಾಡಿಸಬೇಕು. ಟ್ಯಾರಂಟುಲಾ ನೋಡೋ ಆಸೆ ಇದ್ದರೆ ಮಳೆಗಾಲದಲ್ಲಿ ಉತ್ತರ ಕನ್ನಡದ ಕಾಡಿಗೆ ಹೋಗಿ, ದಾರಿ ಬದಿಯ ಮಣ್ಣುದಿಣ್ಣೆಗಳಲ್ಲಿ ತ್ರಿಗ್ಮೋಪಿಯಸ್ ಜಾತಿಯ ಬಿಲ ಹುಡುಕಿ. ಟಾರ್ಚ್ ಹಾಕಿ ನೋಡಿ, ಕಡ್ಡಿ ಹಾಕಿ ಕೆಣಕಬೇಡಿ.

ಹೊಸದಾಗಿ ಸಾಕೋರು ಇನ್ನೊಂದು ವಿಚಾರಕ್ಕೆ ಗಾಬರಿಯಾಗ್ತಾರೆ, ಕಿರುಪುಸ್ತಕದಲ್ಲಿ ಅದೂ ಇಲ್ಲ. ಪೊರೆ ಬಿಟ್ಟ ಮೇಲೆ ಜೇಡ ಏಕಾಏಕಿ ಸಪೂರ ಆಗಿ, ಕಾಲು ಉದ್ದ ಕಂಡು, ಮುಂದಿನ ಕಾಲಲ್ಲಿ ಕೊಕ್ಕೆ, ಬಾಯಿ ಪಕ್ಕದ ಪುಟ್ಟ ಮೀಸೆಕಾಲಿನ ತುದಿಯಲ್ಲಿ ಗುಬುಟು ಬಂದು, ಊಟ ಬಿಟ್ಟು ರಾತ್ರಿಯೆಲ್ಲ ಓಡಾಡಿದರೆ ಅದು ರೋಗವಲ್ಲ. ಗಂಡು ಪ್ರಾಯಕ್ಕೆ ಬಂದಿದೆ, ಅಷ್ಟೆ. ಇನ್ನು ಅದರ ಆಯಸ್ಸು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು. ಹೆಣ್ಣಾದರೆ ಇಪ್ಪತ್ತು ವರ್ಷ ದಾಟಿ ಬದುಕಬಹುದು. ಗೆಳತಿಗೆ ಈ ಲೆಕ್ಕ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಮಗಳು ಕಾಲೇಜಿಗೆ ಹೋದ ಮೇಲೆ ದುರ್ಗವ್ವನನ್ನ ಸಾಕೋಳು ಯಾರು ಅಂತ ಆಗಲೇ ಅರ್ಥವಾಗಿತ್ತು ಅವಳಿಗೆ.

ದುರ್ಗವ್ವ ಈಗ ಚೆನ್ನಾಗಿದ್ದಾಳೆ. ಹಲ್ಲು ಕಪ್ಪಾದ ಮೇಲೆ ಡೂಬಿಯಾ ಜಿರಳೆ ಹಾಕಿದರು, ಹಿಡಿದು ತಿಂದಳು. ಹಿಂದಿನ ಕಾಲು ಸ್ವಲ್ಪ ಸೊಟ್ಟ, ನಡಿಗೆಗೆ ತೊಂದರೆ ಇಲ್ಲ. ನೀವು ಹೊಸದಾಗಿ ಕೊಳ್ಳೋರಾದರೆ ಗಾಳಿ ತೂತಿರೋ ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಒಂದು ಚೀಲ ಮಣ್ಣು, ಕಾರ್ಕ್ ತುಂಡು, ನೀರಿಗೊಂದು ಮುಚ್ಚಳ ತಗೊಳ್ಳಿ. ಎಲ್ಲಾ ಸೇರಿ ಇಪ್ಪತ್ತೈದು ಪೌಂಡ್ ಒಳಗೆ ಆಗುತ್ತೆ. ಮಿಕ್ಕಿದ ದುಡ್ಡು ವೆಟ್‌ಗೆ ಅಂತ ತೆಗೆದಿಡಿ.

ಕಿಟ್‌ಗೆ ಐದರಲ್ಲಿ ಎರಡು ಸ್ಟಾರ್. ಒಂದು ಗಾಜಿನ ಪೆಟ್ಟಿಗೆಗೂ ಕಾರ್ಕಿಗೂ ಸೇರಿಸಿ. ಇನ್ನೊಂದು ಹೀಟ್ ಮ್ಯಾಟ್‌ಗೆ, ಗೆಳತಿಯ ಒತ್ತಾಯಕ್ಕೆ: ಅವಳು ಅದನ್ನ ದೋಸೆ ಹಿಟ್ಟಿನ ಪಾತ್ರೆಯಡಿ ಇಟ್ಟುಕೊಂಡಿದ್ದಾಳೆ, ಲೀಡ್ಸ್‌ನ ಜನವರಿಯಲ್ಲೂ ಹಿಟ್ಟು ಬೆಳಗಾಗೋದರೊಳಗೆ ಉಬ್ಬುತ್ತೆ.